ಮೇವಿಸಳ ಮಾತು

ಟೀವಿ ತೆರೆಯ ಮೇಲೆ ಮುದುಕ ಹೂ ಹಿಡಿದು ಬಾಗಿಲು ತಟ್ಟಿದಾಗ, ಇಂಗ್ಲೆಂಡಿನ ಬಾರ್ನ್ಸ್ಲಿಯ ಪಬ್ಬಿನ ಮಹಡಿಯಲ್ಲಿದ್ದವರೆಲ್ಲ ಸುಮ್ಮನಾದರು. ಆ ಹಳೆಯ ಧಾರಾವಾಹಿಯ ಅಭಿಮಾನಿಗಳು ಪ್ರತಿವರ್ಷ ಇದೇ ಕಂತು ನೋಡುತ್ತ, ಒಬ್ಬೊಬ್ಬರು ಒಂದೊಂದು ಪಾತ್ರದ ಮಾತನ್ನು ಜೊತೆಗೇ ಹೇಳುವವರು. ಮುಂದಿನದು ಮನೆಯೊಡತಿಯ ಮಾತು; ಅದನ್ನು ಹೇಳುತ್ತಿದ್ದವಳು ಮೇವಿಸ್. ಅವಳು ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಮೊದಲ ಸಲ ಬಂದಿದ್ದ ಅವಳ ಗಂಡ ನಾರ್ಮನ್, ಬಿಯರ್ ಮುಟ್ಟದೆ, ಎದ್ದುಹೋಗಲು ನೆಪ ಹುಡುಕುತ್ತ ಮೂಲೆಯಲ್ಲಿ ಕೂತಿದ್ದ.

"ಮೊದ್ಲು ಬೂಟು ಬಿಚ್ಚು, ಆಮೇಲೆ ಮದುವೆ ಮಾತು!" ಎಂದು ಅವಳ ಮಾತನ್ನು ಹೇಳಿಬಿಟ್ಟ ನಾರ್ಮನ್.

ರಿಮೋಟ್ ಹಿಡಿದು ಮುಂದೆ ಕೂತಿದ್ದ ಗ್ಲೆನಿಸ್ ಗಕ್ಕನೆ ತಿರುಗಿದಳು. "ಅಯ್ಯೋ ಮಾರಾಯ, ಮನೆಯೊಡತಿ ಇನ್ನೂ ಬಾಗಿಲೇ ತೆಗ್ದಿಲ್ಲ! ಮೇವಿಸ್ ಇದ್ದಿದ್ರೆ ನಿನ್ನ ಕಿವಿ ಹಿಂಡೋಳು."

ಎಲ್ಲರೂ ಗೊಳ್ಳೆಂದರು. ನಾರ್ಮನ್ ಕಣ್ಣೊರೆಸಿಕೊಂಡು, ಕುರ್ಚಿಯನ್ನು ಅವರ ನಡುವೆ ಎಳೆದು ಹಾಕಿಕೊಂಡ.

"ಕಂತನ್ನ ಸ್ವಲ್ಪ ಹಿಂದಕ್ಕೆ ಹಾಕು, ಗ್ಲೆನಿಸ್. ಇನ್ನೊಂದ್ಸಲ ಹೇಳ್ತೀನಿ."