ಕಿಟಕಿ ಕಡೆ, ಬಿಸಿನೀರು

“ಇನ್ನೊಂದ್ಸಲ ಕಾಫಿ ಅಂದ್ರೆ ನಿಮ್ಮ ಬಾಯಿಗೇ ಹೊಲಿಗೆ ಹಾಕ್ತೀನಿ!”

ಪರದೆ ಬಟ್ಟೆಯ ಅಂಗಡಿಯವಳು ಕತ್ತರಿಯನ್ನು ಮೇಜಿಗೆ ಕುಟ್ಟಿದಳು. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಫ್ಯಾನ್ ರಿಪೇರಿಯವನು ತಲೆ ಕೆರೆದುಕೊಂಡ.

“ಮತ್ತೆ ಕೇಳ್ತೀನಿ ರೀ. ಹೆಂಡತಿ ಬೆಳಿಗ್ಗೆ ಎದ್ದ ತಕ್ಷಣ ಏನು ಕುಡೀತಾಳೆ?”

“ಕಾ... ಬಿಸಿನೀರು.”

“ಮಂಚದಲ್ಲಿ ಯಾವ ಕಡೆ ಮಲಗ್ತಾಳೆ?”

“ಗೋಡೆ ಕಡೆ.”

“ಕಿಟಕಿ ಕಡೆ! ಪಟ್ಟಿಯಲ್ಲಿ ಇಷ್ಟು ದೊಡ್ಡದಾಗಿ ಬರೆದಿದೆ, ಕಣ್ಣಿಲ್ವಾ ನಿಮಗೆ?”

“ಹದಿನಾರು ವರ್ಷ ಗೋಡೆ ಕಡೆ ನೋಡಿ ಅಭ್ಯಾಸ ಆಗೋಗಿದೆ. ಏನ್ ಮಾಡ್ಲಿ ಹೇಳೇ?”

“ಅದನ್ನೆಲ್ಲ ಮರೆತುಬಿಡಿ. ಪಟ್ಟಿಯಲ್ಲಿರೋದೇ ಸತ್ಯ.” ಹೀಗೆಂದವಳು ತನ್ನ ಕಾಫಿ ಲೋಟ ಎತ್ತಿ ಒಂದೇ ಗುಟುಕಿಗೆ ಖಾಲಿ ಮಾಡಿದಳು.

ಅಷ್ಟರಲ್ಲಿ ಒಬ್ಬಾಕೆ ಹಿಂದಿನ ದಿನ ಕೊಂಡ ಬಟ್ಟೆ ಹಿಡಿದು ಬಂದಳು, ಬಣ್ಣ ಹೊಂದಲಿಲ್ಲವಂತೆ. ಅಂಗಡಿಯವಳು ಕತ್ತರಿಯ ತುದಿಯಿಂದ ಗೋಡೆಯ ಬೋರ್ಡು ತೋರಿಸಿದಳು. ‘ಕತ್ತರಿಸಿ ಕೊಟ್ಟ ಬಟ್ಟೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ ಆಕೆ ಬಂದ ದಾರಿಯಲ್ಲೇ ಹೋದಳು.

ಕಾನ್ಸುಲೇಟಿನ ಸಂದರ್ಶನಕ್ಕೆ ಮೂರೇ ದಿನ ಉಳಿದಿತ್ತು. ಗಂಡನಿಗೆ ವೀಸಾ ಸಿಗಬೇಕಾದರೆ ಮದುವೆ ನಿಜವಾದದ್ದೆಂದು ಅಲ್ಲಿಯ ಅಧಿಕಾರಿಗೆ ನಂಬಿಕೆ ಬರಬೇಕು. ಹೋದ ವರ್ಷ ಇವನು ಹೆಂಡತಿಯ ಹುಟ್ಟಿದ ದಿನವನ್ನೇ ತಪ್ಪು ಹೇಳಿ ಎದ್ದು ಬಂದಿದ್ದ. ಈ ಸಲವೂ ಕೆಟ್ಟರೆ ಇನ್ನೊಂದು ವರ್ಷ ಕಾಯಬೇಕು. ಅದು ಅಂಗಡಿಯವಳಿಂದ ಆಗುವ ಮಾತಲ್ಲ. ಅವಳ ಟೇಬಲ್ ಫ್ಯಾನನ್ನು ಅವನು ರಿಪೇರಿಗೆಂದು ಬಿಚ್ಚಿ ಎಂಟು ತಿಂಗಳಾಗಿತ್ತು. ರೆಕ್ಕೆ ಕಪಾಟಿನ ಮೇಲೆ, ಮೋಟರು ಮಂಚದ ಕೆಳಗೆ, ತಿರುಪುಗಳು ಸಕ್ಕರೆ ಡಬ್ಬಿಯಲ್ಲಿ. ಅವನ ಹಾಸಿಗೆ ಅಂಗಡಿಯ ಬಟ್ಟೆ ಸುರುಳಿಗಳ ನಡುವೆ.

ಪಕ್ಕದ ಜೆರಾಕ್ಸ್ ಅಂಗಡಿಯವನು ಆ ಬೀದಿಗೆ ಬಂದು ಒಂದು ವರ್ಷವಷ್ಟೇ. ಆದರೆ ಅವನ ಕಿವಿ ಆಗಲೇ ಬೀದಿಗೆಲ್ಲ ಹಬ್ಬಿತ್ತು. ವೀಸಾ ಅರ್ಜಿಯ ಪ್ರತಿ ತೆಗೆಯುವಾಗ ಹೆಂಡತಿಯ ಫೋಟೋ ಕಣ್ಣಿಗೆ ಬಿತ್ತು. ಪರದೇಶದಲ್ಲಿ ನರ್ಸಂತೆ. ದುಂಡು ಮುಖ, ಕನ್ನಡಕ. ಅಂಗಡಿಯವಳಿಗೆ ಕನ್ನಡಕವೂ ಇಲ್ಲ, ದುಂಡು ಮುಖವೂ ಇಲ್ಲ. ಅವನಿಗೆ ಎಲ್ಲ ಹೊಳೆದುಬಿಟ್ಟಿತು. ಕಟ್ಟಿಕೊಂಡವಳೇ ತನ್ನ ಗಂಡನನ್ನು ಇನ್ನೊಬ್ಬಳ ಗಂಡನೆಂದು ಕಾಗದದಲ್ಲಿ ತೋರಿಸಿ ವಿಮಾನ ಹತ್ತಿಸುತ್ತಿದ್ದಾಳೆ!

“ಅಕ್ಕಾ,” ಎಂದ ಸಣ್ಣ ದನಿಯಲ್ಲಿ, “ಸಿಕ್ಕಿಬಿದ್ರೆ ಗತಿ ಏನು?”

“ಯಾರು ಸಿಕ್ಕಿಬೀಳೋದು?”

“ಅಲ್ಲ... ವಾಪಸ್ ಕಳಿಸಿಬಿಟ್ರೆ?”

ಅವಳ ಮುಖ ಬಿಳಿಚಿಕೊಂಡಿತು. “ಅದೊಂದು ಮಾತು ಮಾತ್ರ ಆಡಬೇಡಪ್ಪ.”

ಆಮೇಲೆ ಒಂದು ಕಾಗದವನ್ನು ಮಗುಚಿ ಹಿಡಿದು ಕೊಟ್ಟಳು. “ಇದರದ್ದು ಎರಡು ಪ್ರತಿ ತೆಗೆದು ಲ್ಯಾಮಿನೇಟ್ ಮಾಡು. ಓದಿದ್ರೆ ಕಣ್ಣು ಕೀಳ್ತೀನಿ.” ಕೆಲಸ ಮುಗಿಯುವವರೆಗೆ ಅವನ ತಲೆಯ ಮೇಲೇ ನಿಂತಿದ್ದಳು.

ಸಂದರ್ಶನದ ದಿನ ಅವನ ಅಂಗಿಗೆ ಅವಳೇ ಇಸ್ತ್ರಿ ಹಾಕಿದಳು. ಕಾನ್ಸುಲೇಟಿನ ಎದುರಿನ ಬೆಂಚಿನಲ್ಲಿ ಎರಡು ಗಂಟೆ ಕೂತು ಬೆರಳಿನ ಉಗುರನ್ನೆಲ್ಲ ಕಚ್ಚಿ ಮುಗಿಸಿದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ಕನಿಕರಿಸಿದಳು.

“ಕಾಯೋದು ಬಲು ಕಷ್ಟ ಅಲ್ವೇನಮ್ಮಾ?”

“ಒಂದೊಂದು ದಿನವೂ ಒಂದೊಂದು ಯುಗ ಕಣಮ್ಮ.”

ಅವನು ಬೆವರು ಸುರಿಸುತ್ತ ಹೊರಗೆ ಬಂದ.

“ಬೆಳಿಗ್ಗೆ ಏನು ಕುಡೀತಾರೆ ಅಂತ ಕೇಳಿದ್ರು. ಕಾಫಿ ಅಂದೆ.”

ಅವಳು ಬೆಂಚಿನ ಅಂಚು ಹಿಡಿದುಕೊಂಡಳು.

“ತಕ್ಷಣ ನೆನಪಾಯ್ತು ಕಣೇ. ಅಲ್ಲ ಸಾರ್, ಬಿಸಿನೀರು, ಕಾಫಿ ಕುಡಿಯೋಳು ಹೊರಗಡೆ ಬೆಂಚಲ್ಲಿ ಕೂತಿದ್ದಾಳೆ ಅಂದೆ.”

“ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ! ಹೇಳೇಬಿಟ್ರಾ?”

“ಅವರ ಮುಖ ಗಂಟಾಯ್ತು. ನಿನ್ನ ಲ್ಯಾಮಿನೇಟ್ ಕಾಗದ ಕೊಟ್ಟೆ. ಓದಿದ್ರು. ಈಗ ಊಟ ತಿಂಡಿ ಎಲ್ಲಿ ಅಂದ್ರು. ಅವಳ ಮನೇಲೇ ಅಂದೆ. ಎದ್ದು ಹೋಗಿ, ಕಿಟಕಿಯ ಪರದೆ ಸರಿಸಿ ನಿನ್ನನ್ನ ನೋಡಿದ್ರು.”

“ನೋಡಿ?”

“‘ಪಾಪ’ ಅಂದ್ರು. ಸೀಲ್ ಹೊಡೆದ್ರು.”

ಅವಳು ಅಲ್ಲೇ, ನಡುಬೀದಿಯಲ್ಲಿ, ಆ ಮುದುಕಿಯನ್ನು ತಬ್ಬಿಕೊಂಡು ಅತ್ತಳು.

ಶನಿವಾರ ಟ್ಯಾಕ್ಸಿ ಬಂತು. ಅವನು ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತ.

“ಆ ಫ್ಯಾನು... ಮುಂದಿನ ಸಲ ಬಂದಾಗ ಮುಗಿಸ್ತೀನಿ.”

“ಬರೋದು ಬೇಡ ರೀ. ಸೆಖೆ ತಡ್ಕೋತೀನಿ.”

ಅವನು ಹೋದ. ತಿರುಗಿ ನೋಡಲಿಲ್ಲ. ಟ್ಯಾಕ್ಸಿ ಮರೆಯಾಗುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು. ಜೆರಾಕ್ಸಿನವನು ಕಣ್ಣೊರೆಸಿಕೊಳ್ಳುತ್ತ ಬಂದ.

“ಎಂಥಾ ತ್ಯಾಗ ಅಕ್ಕಾ! ಆದ್ರೂ ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ನಾಳೆ ಆ ನರ್ಸು ನಿಮ್ಮ ಗಂಡನ್ನ ನಿಮಗೆ ವಾಪಸ್ ಕೊಡದಿದ್ರೆ?”

ಅವಳು ಡ್ರಾಯರಿನಿಂದ ಎರಡನೆಯ ಪ್ರತಿ ತೆಗೆದು, ಮೊದಲ ಸಲ ಮುಖ ಮೇಲಾಗಿ ಮೇಜಿನ ಮೇಲಿಟ್ಟಳು. ವಿಚ್ಛೇದನದ ಆದೇಶ. ಐದು ವರ್ಷ ಹಳೆಯದು.

“ಮತ್ತೆ... ಆ ನರ್ಸು?”

“ಹೆಂಡತಿ. ಸಾಕ್ಷಾತ್ ಹೆಂಡತಿ. ರಜಕ್ಕೆ ಬಂದವಳು ಮದುವೆಯಾದಳು. ‘ಬಾಡಿಗೆ ಮನೆ ಬಿಟ್ಟಾಯ್ತು, ವೀಸಾ ಬರೋ ತನಕ ಎರಡು ವಾರ ನಿಮ್ಮಲ್ಲಿರ್ಲಿ ಅಕ್ಕಾ’ ಅಂತ ಬಿಟ್ಟು ಹೋದಳು. ಹದಿನಾಲ್ಕು ತಿಂಗಳು!”

ವಾರ ಕಳೆದು ಪರದೇಶದಿಂದ ಫೋನ್ ಬಂತು; “ಅಕ್ಕಾ, ನಮ್ಮನೆ ಫ್ಯಾನು ಬಿಚ್ಚಿಟ್ಟಿದ್ದಾರೆ...” ಎಂದು ನರ್ಸು ಅಳತೊಡಗಿದಳು, ಅಂಗಡಿಯವಳು ಗೋಡೆಯ ಬೋರ್ಡನ್ನು ಒಂದಕ್ಷರ ಬಿಡದೆ ಓದಿ ಹೇಳಿ ಫೋನ್ ಇಟ್ಟಳು.