ಬೆಳುವಾಯಿ ಬಯಲಲ್ಲಿ ಭಾರವಾದ ಸೈಕಲ್

ಕೋಳಿಸಾರಿನ ವಾಸನೆ ಬಂದರೆ ಈಗಲೂ ನನಗೆ ಸೋದರಮಾವನ ಸೈಕಲ್ಲೇ ನೆನಪಾಗುತ್ತದೆ.

ಮಾವನ ಹೆಂಡತಿ ಸತ್ತು ವರ್ಷವಾಗಿತ್ತು. ಎರಡನೇ ಮದುವೆಗೆ ಒಪ್ಪಿಗೆ ಹೇಳಲು ಅವನು, ಹೆಣ್ಣು ನೋಡಿಟ್ಟಿದ್ದ ತನ್ನ ಅಕ್ಕನ ಶಿರ್ತಾಡಿಯ ಮನೆಗೆ ಹೊರಟಿದ್ದ. ಕ್ಯಾರಿಯರಿನಲ್ಲಿ ನಾನು, ನನ್ನ ಮಡಿಲಲ್ಲಿ ಬಿಸಿ ಸಾರಿನ ಪಾತ್ರೆ.

“ಸಾರಿಗೆ ಇದ್ದಿಲೋ ಕಬ್ಬಿಣವೋ ಹಾಕು. ಇಲ್ಲದಿದ್ರೆ ಸತ್ತವರು ಹಿಂದೆ ಬರ್ತಾರೆ” ಎಂದಳು ಅಜ್ಜಿ.

“ಸೈಕಲ್ಲೇ ಕಬ್ಬಿಣ ಅಲ್ವಾ ಅಮ್ಮ!” ಮಾವ ನಕ್ಕ.

ಬೆಳುವಾಯಿಯ ಬಯಲಲ್ಲಿ ಆರಾಮವಾಗಿ ತುಳಿಯುತ್ತಿದ್ದವನು ಏದುಸಿರು ಬಿಡತೊಡಗಿದ. ರಸ್ತೆಯಲ್ಲಿ ಏರೇನೂ ಇರಲಿಲ್ಲ.

“ಹಿಂದೆ ಇಬ್ಬರು ಕೂತ ಹಾಗೆ ಆಗ್ತದೆ ಮಾರಾಯ್ತಿ. ಇಳಿ ನೋಡುವ.”

ನಾನು ಇಳಿದ ಮೇಲೂ ಹಿಂದಿನ ಟಯರು ಒತ್ತಿಕೊಂಡೇ ಇತ್ತು. ಮಾವ ಪಾತ್ರೆಯನ್ನು ಗದ್ದೆಯ ಬದುವಿನಲ್ಲಿಟ್ಟು, ಖಾಲಿ ಕ್ಯಾರಿಯರಿಗೆ ಮೆಲ್ಲಗೆ ಹೇಳಿದ: “ಊಟ ಮಾಡು. ನಾನು ಹೋಗುವುದಿಲ್ಲ.”

ನೋಡುತ್ತಿದ್ದಂತೆ ಟಯರು ಮೇಲೆದ್ದಿತು. ಮಾವ ಸೈಕಲನ್ನು ಮನೆಯ ಕಡೆಗೆ ತಿರುಗಿಸಿದ.