ಸಾಲ್ಸಾ ಕ್ಲಾಸಿನ ಒದ್ದೆ ಕೈ

ಇದು ಆಣೆಗೂ ನಡೆದದ್ದು. ನಂಬದವರು ಸಾಲ್ಸಾ ಕುಣಿತ ಕಲಿತು ನೋಡಲಿ. ಎರಡನೆಯ ಹಂತದ ಹೆಜ್ಜೆಗಳಿಗೆ ಬಡ್ತಿ ಪಡೆದ ಸುಚೇತಾಳಿಗೆ ಕಷ್ಟವಾದದ್ದು ಹೆಜ್ಜೆಯಲ್ಲ, ಜೋಡಿಯಾಗಿ ಕುಣಿಯುವ ವರುಣನ ಕೈ. ಹೆಸರಿಗೆ ತಕ್ಕಂತೆ ಅಲ್ಲಿ ಸದಾ ಮಳೆಗಾಲ. ಹಾಲಲ್ಲಿ ಅದ್ದಿದ ಬ್ರೆಡ್ಡಿನಂತೆ ಪಿಚಪಿಚ ಎನ್ನುವ ಆ ಬೆವರುಗೈ ಹಿಡಿದರೆ ಅವಳ ತಾಳ ತಪ್ಪುತ್ತಿತ್ತು. ಇನ್ನು ಕ್ಲಾಸು ಬಿಡುವುದೊಂದೇ ಬಾಕಿ.

ಮೇಷ್ಟ್ರು "ಚೇಂಜ್!" ಎಂದು ಕೂಗಿದರೆ ಹುಡುಗಿಯರು ಪಕ್ಕದ ಹುಡುಗನತ್ತ ದಾಟಬೇಕು, ಅದು ಅಲ್ಲಿನ ಪದ್ಧತಿ. ಸುಚೇತಾಳೋ ಯಾರ ದನಿಯನ್ನಾದರೂ ಅನುಕರಿಸಬಲ್ಲವಳು. ಮೇಷ್ಟ್ರು ಫೋನ್ ಹಿಡಿದು ಹೊರಗೆ ಹೋದಾಗಲೆಲ್ಲ ತಲೆ ತಗ್ಗಿಸಿ, ಅವರದೇ ಗೊಗ್ಗರು ದನಿಯಲ್ಲಿ "ಚೇಂಜ್!" ಎಂದು ವರುಣನಿಂದ ಪಾರಾಗತೊಡಗಿದಳು.

ಒಂದು ಸಂಜೆ ಆ ಕೈ ಮತ್ತೆ ಅವಳತ್ತ ಚಾಚಿತು. ಅವಳು ಬಾಯಿ ತೆರೆಯುವ ಮೊದಲೇ "ಚೇಂಜ್!" ಎಂದು ಮೇಷ್ಟ್ರ ದನಿ ಮೊಳಗಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮೇಷ್ಟ್ರೇ ಇಲ್ಲ. ಸುಚೇತಾ ವರುಣನತ್ತ ತಿರುಗಿದಳು.

"ನೀವಾ ಕೂಗಿದ್ದು?"

"ಹೂಂ ರೀ. ದಿನಾ ನೀವೇ ಕೂಗ್ತಿದ್ರಿ, ಇವತ್ತು ತಡ ಮಾಡಿದ್ರಿ."

ಇಡೀ ಕ್ಲಾಸು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ವರುಣನೇ.

"ನೀವು ಗಿರಕಿ ಹೊಡೆದಾಗಲೆಲ್ಲ ನಿಮ್ಮ ಎಣ್ಣೆ ಜಡೆ ಸೀದಾ ನನ್ನ ಬಾಯಿಗೇ ಬರುತ್ತೆ, ತಾಯಿ!"